ಮೂವತ್ತು ಅಂಕದ ಎಣ್ಣೆ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನಾನು, ಅದೇ ವಿಷಯದಲ್ಲಿ, ಒಂದೂವರೆ ಅಡಿ ಉದ್ದದ ಆಟದ ಟ್ರಕ್ಕೊಂದರ ಮುಂದೆ ಕಳೆದ ಮಳೆಗಾಲದಲ್ಲಿ ಅನುತ್ತೀರ್ಣನಾದೆ. ಪರೀಕ್ಷಕನಿಗೆ ಹತ್ತು ವರ್ಷ ವಯಸ್ಸು, ನನ್ನ ಮೊಮ್ಮಗ. ಸೋತವನ ಮುಖಕ್ಕೆ ಅಂಕಪಟ್ಟಿಯನ್ನು ಹಿಡಿಯದೆ, ಅದನ್ನು ಮಡಿಸಿ ತನ್ನ ಜೇಬಿನಲ್ಲಿಯೇ ಬಚ್ಚಿಟ್ಟುಕೊಂಡ ಆ ಪರೀಕ್ಷಕನ ಋಣವನ್ನು ಕಿಂಚಿತ್ತಾದರೂ ತೀರಿಸುವುದಕ್ಕಾಗಿ ಈ ನಾಲ್ಕು ಮಾತು.

ನನ್ನ ಅಳಿಯ ಸರಕು ಹಡಗಿನಲ್ಲಿ ಇಂಜಿನಿಯರು. ವರ್ಷದ ಏಳೆಂಟು ತಿಂಗಳು ಸಮುದ್ರದ ಪಾಲು. ಮಿಕ್ಕದ್ದು ಬಿಜೈಯ ನಮ್ಮ ಮನೆಯ ಪಾಲು. ಹಿಂದಿನ ರಜೆಯಲ್ಲಿ ಬಂದಾಗ ಮಗನಿಗೆಂದು ಅವನು ಈ ರೇಡಿಯೋ ನಿಯಂತ್ರಿತ ಟ್ರಕ್ಕನ್ನು ತಂದಿದ್ದ. ಅಂಗಡಿಗಳಲ್ಲಿ ಸಿಕ್ಕುವ ಬ್ಯಾಟರಿಯ ಆಟಿಕೆಯೆಂದು ತಿಳಿಯಬಾರದು. ಅದರ ಹೊಟ್ಟೆಯಲ್ಲಿ ಮೋಸಂಬಿಯಷ್ಟು ಗಾತ್ರದ ನಿಜವಾದ ಇಂಜಿನು ಇದೆ. ಸಿಲಿಂಡರಿನ ಅಳತೆ ಕೇವಲ 3.5 ಘನ ಸೆಂಟಿಮೀಟರ್. ಆದರೆ ಮನಸ್ಸು ಮಾಡಿತೆಂದರೆ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ. ಹತ್ತು ದಿನ ಬೆಳಗ್ಗೆ ಅಪ್ಪ ಮಗ ಇಬ್ಬರೂ ಮನೆಯ ಬಳಿಯ ಮೈದಾನದಲ್ಲಿ ಕೆಂಪು ಧೂಳೆಬ್ಬಿಸಿ ಓಡಿಸಿದರು. ಹಡಗು ಹತ್ತಲು ಹೊರಟ ದಿನ ಅಳಿಯ ಮಗನ ತಲೆ ಸವರಿ, "ಮುಂದಿನ ಸಲ ನಾನು ಬರುವ ದಿವಸ ಇದು ಗೇಟಿನವರೆಗೆ ನನ್ನನ್ನು ಕರೆಯಲಿಕ್ಕೆ ಬರಬೇಕು, ಆಯ್ತಾ?" ಎಂದ. ಹುಡುಗ ತಲೆಯಾಡಿಸಿದ. ಅವನಿಗೆ ಅದು ಆಟದ ಮಾತಾಗಿರಲಿಲ್ಲ.

ಮೇ ತಿಂಗಳಲ್ಲಿ ತೊಟ್ಟಿ ಬರಿದಾಯಿತು. ಅಟ್ಟದ ಮೇಲೆ ಹಿಂದಿನ ವರ್ಷದ ಅರ್ಧ ಕ್ಯಾನು ಉಳಿದಿತ್ತು. "ಅಜ್ಜ, ಪೆಟ್ರೋಲ್ ಹಾಕಿದ್ರೆ ಆಗುದಿಲ್ವಾ?" ಎಂದು ಹುಡುಗ ಕೇಳಿದ. ವರ್ಷಕ್ಕೆ ಒಂದೂವರೆ ಕೋಟಿ ಟನ್ನು ಕಚ್ಚಾ ತೈಲವನ್ನು ಸೋಸಬಲ್ಲ ಕಾರ್ಖಾನೆಯನ್ನು ಊರ ಹೊರಗೆ ಇಟ್ಟುಕೊಂಡಿರುವ ಮಂಗಳೂರಿನಲ್ಲಿ, ಮೋಸಂಬಿಯಷ್ಟು ಇಂಜಿನಿಗೆ ಎಣ್ಣೆ ಇಲ್ಲವೆಂದರೆ ಮಕ್ಕಳು ನಂಬುವರೇ? ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಪಾಠ ಹೇಳದೆ ಹತ್ತಾರು ವರ್ಷಗಳಾಗಿದ್ದವು.

"ಈ ಇಂಜಿನಿಗೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ, ಮಗೂ. ಇದರ ಪ್ಲಗ್ಗಿನಲ್ಲಿರುವುದು ಪ್ಲಾಟಿನಮ್ಮಿನ ಪುಟ್ಟ ತಂತಿಯ ಸುರುಳಿ. ಹೊರಡುವಾಗ ಮಾತ್ರ ಅದನ್ನು ಬ್ಯಾಟರಿಯಿಂದ ಕಾಯಿಸುತ್ತೇವೆ. ಆಮೇಲೆ ಮೆಥನಾಲಿನ ಆವಿ ತಗಲಿದಾಗಲೆಲ್ಲ ಪ್ಲಾಟಿನಮ್ಮು ತಾನೇ ಕೆಂಪಗೆ ಕಾದಿರುತ್ತದೆ. ಪೆಟ್ರೋಲಿಗೂ ಅದಕ್ಕೂ ಈ ನಂಟಿಲ್ಲ. ಹಾಕಿದರೆ ಇಂಜಿನು ಓಡದು," ಎಂದೆ.

ಮೆಥನಾಲು, ನೈಟ್ರೋಮೀಥೇನು, ಎಣ್ಣೆ, ಈ ಮೂರು ಸೇರಿದ್ದೇ ಆ ಇಂಧನ. ನೈಟ್ರೋಮೀಥೇನನ್ನು 1872ರಲ್ಲಿ ಕೋಲ್ಬೆ ಎಂಬ ಜರ್ಮನ್ ರಸಾಯನಜ್ಞ ಮೊದಲು ತಯಾರಿಸಿದ. ಅದರ ಮಹಿಮೆ ವಿಚಿತ್ರವಾದದ್ದು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ 6.4 ಕಿಲೋ ಸಾಕು; ನೈಟ್ರೋಮೀಥೇನಿಗಾದರೋ ಬರಿಯ 1.7 ಕಿಲೋ. ಆಮ್ಲಜನಕವನ್ನು ತನ್ನ ಅಣುವಿನೊಳಗೇ ಬುತ್ತಿ ಕಟ್ಟಿಕೊಂಡು ಬರುವ ದ್ರವ ಅದು. ಕಿಲೋ ಲೆಕ್ಕದಲ್ಲಿ ಅದರ ಶಾಖ ಪೆಟ್ರೋಲಿನ ಕಾಲುಭಾಗದಷ್ಟೇ. ಆದರೆ ಅಷ್ಟೇ ಗಾಳಿಯಲ್ಲಿ ಎಂಟು ಪಟ್ಟಿಗೂ ಹೆಚ್ಚು ಉರಿಸಬಹುದಾದ್ದರಿಂದ, ಒಟ್ಟು ಬಲ ಪೆಟ್ರೋಲಿನ ಇಮ್ಮಡಿಯನ್ನೂ ಮೀರುತ್ತದೆ. ಇದನ್ನೆಲ್ಲ ವಿವರಿಸುವಾಗ ಮೊಮ್ಮಗನ ಕಣ್ಣಿನಲ್ಲಿ ನಾನು ಎಷ್ಟು ಎತ್ತರವಾದೆನೆಂಬುದು ನನಗೆ ಮಾತ್ರ ಗೊತ್ತು. ಅಪಾಯ ಹುಟ್ಟಿದ್ದು ಆ ಎತ್ತರದಲ್ಲಿಯೇ.

ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದೆ. ಅವನಲ್ಲಿ ನೈಟ್ರೋ ಶೇಕಡ 16 ಇರುವುದು, 20 ಇರುವುದು, 30 ಇರುವುದು, ಹೀಗೆ ಮೂರು ತರಗತಿಗಳಿದ್ದವು. ಟ್ರಕ್ಕಿನ ಕೈಪಿಡಿಯಲ್ಲಿ 20 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆದರೆ ಜೀವಮಾನವೆಲ್ಲ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನಿಗೆ ಮೂವತ್ತು ಇಪ್ಪತ್ತಕ್ಕಿಂತ ದೊಡ್ಡದಲ್ಲವೆಂದು ಹೇಳುವವರು ಯಾರು? ಮೂವತ್ತರದ್ದನ್ನೇ ಲಾರಿಯಲ್ಲಿ ತರಿಸಿದೆ.

ಎಚ್ಚರಿಕೆ ವಹಿಸಲಿಲ್ಲವೆಂದು ಯಾರೂ ನನ್ನನ್ನು ದೂರುವಂತಿಲ್ಲ. ಆ ದ್ರವ ನೋಡಲು ಗುಲಾಬಿ ಶರಬತ್ತಿನಂತಿತ್ತು. ಕಂಡೊಡನೆ ನನಗೆ 1981ರ ಜುಲೈ ನೆನಪಾಯಿತು. ಕಳ್ಳಭಟ್ಟಿಯಲ್ಲಿ ಬೆರೆತ ಇದೇ ಮೆಥನಾಲು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಬಡವರ ಪ್ರಾಣ ತೆಗೆದ ತಿಂಗಳು ಅದು. ನಾನಾಗ ಕೆಲಸಕ್ಕೆ ಸೇರಿ ಮೂರು ವರ್ಷ. ಅಂದು ತರಗತಿಯಲ್ಲಿ ಪುಸ್ತಕ ಮುಚ್ಚಿಟ್ಟು, ಈ ವಿಷ ಮೊದಲು ಕಣ್ಣನ್ನು, ಆಮೇಲೆ ಜೀವವನ್ನು ಹೇಗೆ ಕಸಿಯುತ್ತದೆಂಬುದನ್ನು ಹೇಳಿದ್ದೆ. ಆದುದರಿಂದ ಕ್ಯಾನಿಗೆ ಚೀಟಿ ಅಂಟಿಸಿದೆ. ಅಡುಗೆಮನೆಯಿಂದ ದೂರ, ಬೀಗ ಹಾಕಿದ ಕಪಾಟಿನಲ್ಲಿ ಇಟ್ಟೆ. ನೀರಿನ ಬಾಟಲಿಗೆ ಎಂದಿಗೂ ಸುರಿಯಕೂಡದೆಂದು ಮನೆಯವರಿಗೆಲ್ಲ ಹೇಳಿದೆ. ಹಗಲು ಬೆಳಕಿನಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟವೆಂದು ಹುಡುಗನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿದೆ. ಬೆಂಕಿಗೆ ಹೆದರಿದೆ, ವಿಷಕ್ಕೆ ಹೆದರಿದೆ. ನೀರಿಗೆ ಹೆದರಬೇಕೆಂದು ಮಾತ್ರ ತೋಚಲಿಲ್ಲ.

ಏಕೆಂದರೆ, ಹಾಳಾಗಬಾರದೆಂಬ ಮಿತವ್ಯಯದ ಬುದ್ಧಿಯಿಂದ, ಅಟ್ಟದ ಮೇಲಿನ ಹಳೆಯ ಅರ್ಧ ಕ್ಯಾನನ್ನೂ ಇದಕ್ಕೇ ಬೆರೆಸಿದೆ. ಅದರ ಮುಚ್ಚಳ ಸೀಳಿತ್ತು. ಮೆಥನಾಲು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆಂಬ ಮಾತನ್ನು ನಾನು ಎಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದಿಲ್ಲ! ವರ್ಷಕ್ಕೆ ಸುಮಾರು ಮೂರೂವರೆ ಮೀಟರು ಮಳೆ ಸುರಿಯುವ ಊರು ನಮ್ಮದು. ಆಷಾಢದಲ್ಲಿ ಇಲ್ಲಿ ಉಪ್ಪಿನ ಮರಿಗೆಯೇ ನೀರೊಡೆಯುತ್ತದೆ, ಚಪ್ಪಲಿಯ ಮೇಲೆ ಬೂಸಲು ಬೆಳೆಯುತ್ತದೆ. ಒಂದು ಮಳೆಗಾಲವನ್ನು ಆ ಸೀಳಿನ ಮೂಲಕ ಕುಡಿದಿದ್ದ ದ್ರವವನ್ನು ಹೊಸದಕ್ಕೆ ಹೊಯ್ದೆ.

ಜೂನ್ ತಿಂಗಳಲ್ಲಿ ಮಳೆ ಹೊಳವಾದ ಒಂದು ಬೆಳಗ್ಗೆ ಟ್ರಕ್ಕು ಕಿರುಚಿಕೊಂಡು ಹೊರಟಿತು. ಅದರ ವೇಗವನ್ನು ಕಂಡು, "ನೋಡಿದೆಯಾ ಮೂವತ್ತರ ಮಹಿಮೆ!" ಎಂದೆ. ಮೂರನೆಯ ಸುತ್ತಿಗೆ ಅದರ ಸ್ವರ ಒಡೆಯಿತು. ಹೋಯಿತು, ತಡೆಯಿತು, ಮತ್ತೆ ಹೋಯಿತು. ಕೊನೆಗೆ ಲೋಹ ಲೋಹವನ್ನು ಕಚ್ಚಿದ ಒಂದು ಚಿಕ್ಕ ಸದ್ದು, ಬಳಿಕ ನಿಶ್ಶಬ್ದ. ಎತ್ತಿಕೊಂಡರೆ ಕೈ ಸುಡುವ ಶಾಖ. ಇಂಜಿನು ತಿರುಗಲಿಲ್ಲ. "ನಾಳೆ ನೋಡುವಾ," ಎಂದು ತಂದು ಮೂಲೆಯಲ್ಲಿಟ್ಟೆ. ನಾಳೆ ಎನ್ನುವುದು ಎರಡು ವಾರವಾಯಿತು.

ಆ ಎರಡು ವಾರಗಳಲ್ಲಿ ಒಂದು ರಾತ್ರಿ ಅಳಿಯನ ಫೋನು ಬಂದಿತು. ನಾನು ಜಗಲಿಯಲ್ಲಿದ್ದೆ. ಒಳಗಿನಿಂದ ಹುಡುಗನ ಸ್ವರ ಕೇಳಿಸಿತು: "ಓಡ್ತದೆ ಅಪ್ಪ, ಜೋರು ಓಡ್ತದೆ. ಅಜ್ಜ ಒಳ್ಳೆ ಎಣ್ಣೆ ತರಿಸಿದ್ದಾರೆ."

ಓದುಗರೇ, ಬದುಕಿನಲ್ಲಿ ಅನೇಕರು ನನ್ನನ್ನು ಹೊಗಳಿದ್ದಾರೆ. ಯಾವ ಹೊಗಳಿಕೆಯೂ ಹೀಗೆ ಚುಚ್ಚಿರಲಿಲ್ಲ. ಸುಳ್ಳಾಡಬಾರದೆಂದು ನಾವು ಕಲಿಸಿದ ಹುಡುಗ ನನ್ನ ಮಾನವನ್ನು ಕಾಯುವುದಕ್ಕಾಗಿ ಸುಳ್ಳಾಡುತ್ತಿದ್ದ.

ಮರುದಿನವೇ ಟ್ರಕ್ಕನ್ನು ಚೀಲದಲ್ಲಿಟ್ಟುಕೊಂಡು ಬಂದರಿನ ದಕ್ಕೆಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಾದ್ದರಿಂದ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ಯಂತ್ರ ದುರಸ್ತಿಯವರಿಗೆ ಮಾತನಾಡಲು ಪುರಸೊತ್ತಿತ್ತು. ಪೆಟ್ರೋಲಿನಲ್ಲಿ ಹೊರಟು ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಯ ಇಂಜಿನುಗಳನ್ನು ಸರಿಪಡಿಸುವ ಹಿರಿಯ ಮಿಸ್ತ್ರಿಯೊಬ್ಬರು ಈ ಗೊಂಬೆಯನ್ನು ಕಂಡು ನಗಲಿಲ್ಲ. ತಲೆಯ ತಿರುಪುಗಳನ್ನು ಬಿಚ್ಚಿ ಕನ್ನಡಕ ಏರಿಸಿದರು. ಪ್ಲಗ್ಗಿನ ತಂತಿ ಮುರಿದಿತ್ತು. ಪಿಸ್ಟನ್ನಿನ ಮೈಮೇಲೆ ಗೀರುಗಳಿದ್ದವು. ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿದಿತ್ತು.

"ಮಾಸ್ಟ್ರೇ, ಇದು ಹಸಿದು ಸತ್ತದ್ದಲ್ಲ, ಬಾಯಾರಿ ಸತ್ತದ್ದು," ಎಂದರು. "ಇದಕ್ಕೆ ಬೇರೆ ಎಣ್ಣೆಡಬ್ಬಿ ಉಂಟಾ? ಇಲ್ಲ. ಕುಡಿಯುವ ಇಂಧನದೊಟ್ಟಿಗೇ ಎಣ್ಣೆಯೂ ಬರಬೇಕು. ನೀವು ಎಣ್ಣೆ ನೋಡಿದಿರಾ, ಬೆಂಕಿ ನೋಡಿದಿರಾ?"

ನಾನು ಬೆಂಕಿಯನ್ನೇ ನೋಡಿದ್ದೆ. ನೈಟ್ರೋ ಹೆಚ್ಚಿದಷ್ಟೂ ಇಂಧನದ ಸೂಜಿ ತಿರುಪನ್ನು ಇನ್ನಷ್ಟು ಸಡಿಲಿಸಿ ಹೆಚ್ಚು ದ್ರವವನ್ನು ಒಳಗೆ ಬಿಡಬೇಕು. ನಾನು ಹಳೆಯ ಅಳತೆಯಲ್ಲಿಯೇ ಬಿಟ್ಟಿದ್ದೆ. ದ್ರವ ಕಡಮೆಯಾದಾಗ ಅದರೊಡನೆ ಬರುವ ಎಣ್ಣೆಯೂ ಕಡಮೆಯಾಯಿತು. ಬೆರೆತ ನೀರು ಉರಿಯನ್ನು ಕದಡಿತು. ಇಪ್ಪತ್ತಕ್ಕೆಂದು ರಚಿಸಿದ ಸಿಲಿಂಡರಿನಲ್ಲಿ ಮೂವತ್ತು ಹೊತ್ತಿಗೆ ಮುಂಚೆಯೇ ಸಿಡಿಯಿತು. ಓಡಿಸಿದ ಮೇಲೆ ತೊಟ್ಟಿಯನ್ನು ಬರಿದು ಮಾಡಿ ಒಳಗೆ ಎರಡು ತೊಟ್ಟು ಎಣ್ಣೆ ಬಿಡದೆ ಮೂಲೆಗಿಟ್ಟದ್ದರಿಂದ ತುಕ್ಕು ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ನು ಬಂದಾಗ ನಮ್ಮ ಜಿಲ್ಲೆಯ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಿದ್ದನ್ನು ನನ್ನ ತಂದೆಯವರು ವರ್ಣಿಸುತ್ತಿದ್ದರು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತಂತೆ. ಯಂತ್ರಕ್ಕೆ ಸಲ್ಲುವ ಊಟವೇ ಬೇರೆ, ನಾವು ಬಡಿಸುವ ಊಟವೇ ಬೇರೆಯಾದಾಗ ತಳ್ಳುವ ಕೆಲಸ ಯಾರಿಗಾದರೂ ತಪ್ಪದು.

ಹೊಸ ಪಿಸ್ಟನ್ನು, ತೋಳು, ಬೇರಿಂಗು, ಪ್ಲಗ್ಗು ತರಿಸಿದೆ. ಈ ಸಲ ಇಂಧನ ಆರಿಸುವಾಗ ಕನ್ನಡಕ ಹಾಕಿಕೊಂಡು ಚೀಟಿಯ ಸಣ್ಣಕ್ಷರವನ್ನು ಓದಿದೆ. ನೈಟ್ರೋ, ಕೈಪಿಡಿ ಹೇಳಿದ 20. ಯುರೋಪಿನ ಒಕ್ಕೂಟದಲ್ಲಿ 2021ರಿಂದ ಪರವಾನಗಿಯಿಲ್ಲದವರು ಶೇಕಡ 16ಕ್ಕಿಂತ ಹೆಚ್ಚಿನದನ್ನು ಕೊಳ್ಳುವಂತಿಲ್ಲ. ಅಲ್ಲಿಯ ಹುಡುಗರ ಟ್ರಕ್ಕುಗಳೇನೂ ನಿಂತುಹೋಗಿಲ್ಲ. ಎಣ್ಣೆಯಲ್ಲಿ ಕೃತಕ ತೈಲದೊಡನೆ ಸ್ವಲ್ಪ ಹರಳೆಣ್ಣೆಯೂ ಇರುವಂಥದ್ದನ್ನು ಆರಿಸಿದೆ. ಕೃತಕ ತೈಲ ಶುಭ್ರವಾದರೂ ಶಾಖ ಮಿತಿಮೀರಿದಾಗ ಕೈಕೊಡುತ್ತದೆ. ಹರಳೆಣ್ಣೆ ಜಿಡ್ಡು ಬಿಟ್ಟರೂ ಆ ಶಾಖದಲ್ಲಿ ಪೊರೆಯಾಗಿ ನಿಂತು ಲೋಹವನ್ನು ಕಾಯುತ್ತದೆ. ಮೊದಲನೆಯ ಮಹಾಯುದ್ಧದ ವಿಮಾನಗಳ ಇಂಜಿನುಗಳನ್ನು ಕಾಪಾಡಿದ್ದೂ ನಮ್ಮ ಅಜ್ಜಿಯಂದಿರ ಈ ಎಣ್ಣೆಯೇ. ಕ್ಯಾನು ಸಣ್ಣದು, ಬೇಗ ಮುಗಿಯುವಂಥದ್ದು, ಮುಚ್ಚಳ ಬಿಗಿಯಾದದ್ದು. ಅದರ ಮೇಲೆ ತೆರೆದ ತಾರೀಖನ್ನು ಮೊಮ್ಮಗನೇ ತನ್ನ ಕೈಬರಹದಲ್ಲಿ ಬರೆದ. ಹೊಸ ಪಿಸ್ಟನ್ನು ಪಳಗುವವರೆಗೆ ಸೂಜಿ ತಿರುಪನ್ನು ಸಡಿಲವಾಗಿಯೇ ಇಟ್ಟು, ಒಂದೊಂದು ತೊಟ್ಟಿಗೂ ನಡುವೆ ತಣಿಯಲು ಬಿಟ್ಟು, ಹೊಗೆ ಕಾರುತ್ತ ನಿಧಾನವಾಗಿ ಓಡಿಸಿದೆವು. ನಾನು ಪಾಠ ಹೇಳಲಿಲ್ಲ.

ಆಗಸ್ಟಿನಲ್ಲಿ ಅಳಿಯ ಬಂದ. ಬಾಡಿಗೆ ಕಾರು ಗೇಟಿನ ಮುಂದೆ ನಿಂತಾಗ ಟ್ರಕ್ಕು ಮುರಕಲ್ಲಿನ ಹಾದಿಯ ಮೇಲೆ ಕುಪ್ಪಳಿಸುತ್ತ ಹೋಗಿ ಅವನ ಬೂಟಿಗೆ ಮೂಗು ತಾಗಿಸಿ ನಿಂತಿತು. ಹುಡುಗನ ಮುಖವನ್ನು ನಾನು ವರ್ಣಿಸಲಾರೆ.

ರಾತ್ರಿ ಊಟವಾದ ಮೇಲೆ ಅಳಿಯನನ್ನು ಜಗಲಿಗೆ ಕರೆದು ಎಲ್ಲವನ್ನೂ ಒಪ್ಪಿಕೊಂಡೆ. ಹುಡುಗನ ಸುಳ್ಳು ನನ್ನ ಸುಳ್ಳೆಂದು ಎಣಿಸಬೇಕು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಆಗಲೇ ಗೊತ್ತಿತ್ತು, ಮಾವ. ಫೋನಿನಲ್ಲಿ ಅದರ ಸದ್ದು ಕೇಳಿಸು ಅಂದೆ. ಅಜ್ಜ ಮಲಗಿದ್ದಾರೆ, ಎದ್ದುಬಿಡ್ತಾರೆ ಅಂದ. ಇಲ್ಲಿ ಆಗ ಸಂಜೆ ಏಳು ಗಂಟೆ," ಎಂದು ನಕ್ಕ.

ಒಳಗೆ ಹುಡುಗ ತೊಟ್ಟಿಯಲ್ಲಿ ಉಳಿದ ಇಂಧನವನ್ನು ಬರಿದು ಮಾಡಿ, ಇಂಜಿನಿಗೆ ಎರಡು ತೊಟ್ಟು ಎಣ್ಣೆ ಬಿಡುತ್ತಿದ್ದ. ಮೂರು ತೊಟ್ಟು ಬಿಡೆನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಕೈಪಿಡಿಯಲ್ಲಿ ಎರಡು ಎಂದೇ ಇದೆ.