ಚೀಟಿ ಆಟ ಕಲಿಸಿದ ಪಾಠ

ಇಂದು ತರಗತಿಯಲ್ಲಿ ಕಾರ್ಬನ್ ಮಾರುಕಟ್ಟೆಯ ಆಟ ಆಡಿಸಿದೆ. ಒಬ್ಬಳು ಸಿಮೆಂಟ್ ಕಾರ್ಖಾನೆ, ಇನ್ನೊಬ್ಬ ವಿದ್ಯುತ್ ಸ್ಥಾವರ. ಒಂದು ಚೀಟಿ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಡುವ ಪರವಾನಗಿ; ಅದನ್ನು ಕೊಳ್ಳಬಹುದು, ಮಾರಬಹುದು.

ಮೊದಲ ಸುತ್ತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಚೀಟಿ ಹಂಚಿದೆ. ಕೊನೆಗೆ ಪುಕ್ಕಟೆ ಕೊಟ್ಟರೂ ಕೇಳುವವರಿಲ್ಲ. ಹೊಗೆ ತಗ್ಗಿಸಲು ಯಾರಿಗೂ ಮನಸ್ಸಿಲ್ಲ. ಯುರೋಪಿನಲ್ಲಿ ಆದದ್ದೂ ಇದೇ. 2005ರಲ್ಲಿ ಶುರುವಾದ ಮಾರುಕಟ್ಟೆಯಲ್ಲಿ ಪರವಾನಗಿಗಳು ಹೆಚ್ಚಾಗಿ, 2007ರ ಹೊತ್ತಿಗೆ ಬೆಲೆ ಸೊನ್ನೆಯ ಹತ್ತಿರಕ್ಕೆ ಕುಸಿಯಿತು.

ಎರಡನೇ ಸುತ್ತಿನಲ್ಲಿ ಚೀಟಿ ಕಡಿಮೆ ಮಾಡಿದೆ. ಚೀಟಿಯ ಬೆಲೆ ಏರಿತು. ಸಿಮೆಂಟ್ ಹುಡುಗಿ ಬೆರಳೆಣಿಸಿ ಲೆಕ್ಕ ಹಾಕಿದಳು: "ಸರ್, ಚೀಟಿ ಕೊಳ್ಳೋದಕ್ಕಿಂತ ಕುಲುಮೆ ಸರಿ ಮಾಡಿಸೋದೇ ಅಗ್ಗ!"

ಭಾರತವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಗೆ ಅಧಿಸೂಚನೆ ಹೊರಡಿಸಿದೆ. ಅಲ್ಲಿ ಹೊಗೆಯ ಮಿತಿ ಬಿಗಿಯಾಗಿರಲಿ. ತಪ್ಪುಗಳೆಲ್ಲ ಆಟದ ಮೇಜಿನ ಮೇಲೇ ಆಗಿಹೋಗಲಿ, ಆಕಾಶದಲ್ಲಿ ಬೇಡ.