ವಿಮಾನ ಕಾಯುವ ಹೊತ್ತಿನಲ್ಲಿ ದೇವನಹಳ್ಳಿ

ಪ್ರಯಾಣದ ಕಷ್ಟಗಳಲ್ಲೆಲ್ಲ ಕಾಯುವ ಕಷ್ಟವೇ ದೊಡ್ಡದು. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬಂದಿಳಿದು ಪರದೇಶದ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಏಳೆಂಟು ಗಂಟೆ ಕಾಯಬೇಕಾದ ಕುಟುಂಬಗಳು ಇಂದು ಅನೇಕ. ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜ ಅಜ್ಜಿ ಚೀಲಗಳನ್ನು ಕಾಯುತ್ತ ಕುಳಿತಿರುತ್ತಾರೆ. ಹುಡುಗರು ಅಂಗಡಿಗಳ ಸಾಲನ್ನು ಮೂರನೆಯ ಬಾರಿ ಸುತ್ತಿ ಬರುತ್ತಾರೆ. ಗಡಿಯಾರದ ಮುಳ್ಳು ಮಾತ್ರ ಮುಂದೆ ಸರಿಯುವುದಿಲ್ಲ.

ಕೆಲವರು ಧೈರ್ಯಮಾಡಿ ನಗರದ ಕಡೆಗೆ ಹೊರಡುವುದುಂಟು. ಆದರೆ 2008ರ ಮೇ 24ರಂದು ವಿಮಾನ ಸಂಚಾರವು ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ಇಲ್ಲಿಗೆ ಬಂದಂದಿನಿಂದ ಬೆಂಗಳೂರಿನ ಪೇಟೆ ಸುಮಾರು 35 ಕಿಲೋಮೀಟರು ದೂರವಾಯಿತು. ವೈಟ್‌ಫೀಲ್ಡಿನಲ್ಲಿರುವ ಮಗಳ ಮನೆಯಲ್ಲಿ ಊಟ ಮುಗಿಸಿ ಬರುವೆನೆಂದು ಹೊರಟವನಿಗೆ ಊಟದ ರುಚಿಗಿಂತ ವಾಹನಗಳ ಸಾಲೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯಂತೂ ನಗರದ ಇನ್ನೊಂದು ತುದಿ. ಮುಖವನ್ನು ದಕ್ಷಿಣಕ್ಕೆ ತಿರುಗಿಸದೆ ಉತ್ತರಕ್ಕೆ ತಿರುಗಿಸಿದವನೇ ಜಾಣ. ಅಲ್ಲಿ ಸುಮಾರು ಹತ್ತು ಕಿಲೋಮೀಟರಿನಲ್ಲಿ ದೇವನಹಳ್ಳಿ ಎಂಬ ಪುಟ್ಟ ಊರು ಇದೆ.

ಹೊರಡುವ ಮುನ್ನ ಹೊತ್ತಿನ ಲೆಕ್ಕ ಆಗಬೇಕು. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ, ಪರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ಹಿಂದಿರುಗಿರಬೇಕು. ಇಳಿಯುವುದಕ್ಕೆ, ವಾಹನ ಹಿಡಿಯುವುದಕ್ಕೆ ಒಂದು ಗಂಟೆ ಹೋಯಿತೆಂದರೂ ಏಳು ಗಂಟೆಯಲ್ಲಿ ಮೂರು ಗಂಟೆ ಉಳಿಯುತ್ತದೆ. ದೇವನಹಳ್ಳಿಗೆ ಅಷ್ಟು ಸಾಕು. ದೊಡ್ಡ ಪೆಟ್ಟಿಗೆಗಳು ತಾವಾಗಿ ಮುಂದಿನ ವಿಮಾನಕ್ಕೆ ಸಾಗುತ್ತವೆಯೇ ಎಂಬುದನ್ನು ಇಳಿದೊಡನೆ ಕೇಳಿ ತಿಳಿಯಬೇಕು. ಟಿಕೆಟ್ಟು, ಗುರುತಿನ ಚೀಟಿ ಇಲ್ಲದೆ ಮರಳಿ ಒಳಗೆ ಬಿಡುವುದಿಲ್ಲವಾದುದರಿಂದ ಅವೆರಡೂ ಕೈಯಲ್ಲೇ ಇರಬೇಕು.

ನಿಲ್ದಾಣದ ಆವರಣದಲ್ಲೇ 2022ರ ನವೆಂಬರ್ 11ರಂದು ಅನಾವರಣಗೊಂಡ, 108 ಅಡಿ ಎತ್ತರದ ಕೆಂಪೇಗೌಡನ ಕಂಚಿನ ಪ್ರತಿಮೆ ಕಾಣಿಸುತ್ತದೆ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಆ ಪ್ರಭುವಿನ ವಂಶದ ಮೂಲ ಇರುವುದು ಇಲ್ಲಿಂದ ಅನತಿದೂರದ ಆವತಿಯಲ್ಲಿ. ಕಂಚಿಯ ಕಡೆಯಿಂದ ಏಳು ಒಕ್ಕಲು ಕುಟುಂಬಗಳು ಬಂಡಿಗಳಲ್ಲಿ ಬಂದು, ನಂದಿಬೆಟ್ಟದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ದಾರಿಯ ಆಯಾಸ ಕಳೆಯಲು ತಂಗಿದುವೆಂದೂ, ಅವರ ನಾಯಕ ರಣಬೈರೇಗೌಡನು ಆವತಿಯಲ್ಲಿ ನೆಲೆನಿಂತನೆಂದೂ ಐತಿಹ್ಯ ಹೇಳುತ್ತದೆ. ಆ ಒಂದು ಬೀಡಿನಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಯಲಹಂಕಗಳ ಪಾಳೆಯಗಾರ ಮನೆತನಗಳು ಹುಟ್ಟಿದುವು. ಆಯಾಸ ಕಳೆಯಲೆಂದು ನಿಂತವರಿಂದ ಒಂದು ನಾಡಿನ ಚರಿತ್ರೆಯೇ ತೊಡಗಿದುದು ಸೋಜಿಗವಲ್ಲವೇ?

ಆವತಿಯ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ದೇವನದೊಡ್ಡಿ ಎಂಬ ಹಳ್ಳಿಯಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಅದೇ ದೇವನಹಳ್ಳಿ. 1749ರಲ್ಲಿ ಮೈಸೂರಿನ ಸೈನ್ಯವು ಹಲವು ತಿಂಗಳು ಮುತ್ತಿಗೆ ಹಾಕಿ ಈ ಕೋಟೆಯನ್ನು ಗೆದ್ದಿತು. ಆ ಸೈನ್ಯದಲ್ಲಿದ್ದ, ಅಲ್ಲಿಯವರೆಗೆ ಯಾರೂ ಅರಿಯದ ಸವಾರನೊಬ್ಬನ ಪರಾಕ್ರಮ ದೊರೆಗಳ ಕಣ್ಣಿಗೆ ಬಿದ್ದಿತು. ಅವನೇ ಹೈದರ್ ಅಲಿ. ಮುಂದೆ ಕಲ್ಲಿನ ಕೋಟೆ ಎದ್ದುದು ಅವನ ಮತ್ತು ಅವನ ಮಗನ ಕಾಲದಲ್ಲಿ. 1791ರಲ್ಲಿ ಅದು ಕಾರ್ನ್‌ವಾಲಿಸನ ಕೈವಶವಾಯಿತು.

ಇಂದು ಆ ಕೋಟೆಗೆ ಕಾವಲಿಲ್ಲ, ಆದರೆ ಜೀವವಿದೆ. ಅರ್ಧವರ್ತುಲಾಕಾರದ ಕೊತ್ತಲಗಳ ನಡುವಣ ಬಾಗಿಲಿನಿಂದ ಒಳಹೊಕ್ಕರೆ ಬೀದಿಗಳು, ಮನೆಗಳು, ಗುಡಿಗಳು. ಗೋಡೆಯ ಮೇಲೇರಿ ನಿಂತವನ ಒಂದು ಕಡೆಗೆ ಊರಿನ ಹೆಂಚು ತಾರಸಿಗಳು, ಇನ್ನೊಂದು ಕಡೆಗೆ ಬಯಲು. ಮೇಲೆ ಮುಗಿಲಲ್ಲಿ ಆಗಾಗ ಒಂದು ವಿಮಾನ. ವೇಣುಗೋಪಾಲಸ್ವಾಮಿ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಪ್ರಸಂಗಗಳೂ ಬಾಲಕೃಷ್ಣನ ಲೀಲೆಗಳೂ ಸಾಲಾಗಿ ಕೆತ್ತಲ್ಪಟ್ಟಿವೆ. ಮಕ್ಕಳಿಗೆ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಪುಸ್ತಕ ಬೇಕಿಲ್ಲ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚಿರುವುದುಂಟು. ಬೆಳಗ್ಗೆ ಅಥವಾ ಸಂಜೆ ಬಂದವರಿಗೆ ದರ್ಶನ ಸುಲಭ. ಕೋಟೆಯ ಹೊರಗೆ, ನಡೆದೇ ಹೋಗಬಹುದಾದ ದೂರದಲ್ಲಿ, ಟಿಪ್ಪು ಸುಲ್ತಾನನು ಜನಿಸಿದ ಸ್ಥಳವೆಂದು ಗುರುತಿಸಿದ ಒಂದು ಪುಟ್ಟ ಕಲ್ಲಿನ ಮಂಟಪವಿದೆ. ಅಷ್ಟು ದೊಡ್ಡ ಹೆಸರಿಗೆ ಇಷ್ಟು ಚಿಕ್ಕ ಗುರುತೇ ಎಂದು ನೋಡಿದವರು ಬೆರಗಾಗುತ್ತಾರೆ.

ಹತ್ತು ಗಂಟೆಗೂ ಮೀರಿದ ಬಿಡುವುಳ್ಳವರು ಇನ್ನೂ ಮುಂದೆ, ನಂದಿಬೆಟ್ಟದ ಅಡಿಯ ನಂದಿ ಗ್ರಾಮದವರೆಗೆ ಹೋಗಬಹುದು. ಅಲ್ಲಿನ ಭೋಗನಂದೀಶ್ವರ ದೇವಾಲಯದ ಹುಟ್ಟು ಒಂಬತ್ತನೆಯ ಶತಮಾನದ್ದು. ಬಾಣರ ರಾಣಿ ರತ್ನಾವಳಿ ಇಲ್ಲಿ ಶಿವಾಲಯವನ್ನು ಕಟ್ಟಿಸಿದಳೆಂದು ಶಾಸನ ಹೇಳುತ್ತದೆ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ನಡುವಣ ಕಲ್ಯಾಣಮಂಟಪದ ಕಂಬಗಳೂ, ಮೆಟ್ಟಿಲುಗಳ ಶೃಂಗಿತೀರ್ಥವೂ ಅವಸರವನ್ನು ಮರೆಸುತ್ತವೆ. 1,478 ಮೀಟರ್ ಎತ್ತರದ ಬೆಟ್ಟದ ತುದಿಗೆ ಏರುವ ಆಸೆಯನ್ನು ಮಾತ್ರ, ಅದರಲ್ಲಿಯೂ ಭಾನುವಾರದ ಬೆಳಗಿನಲ್ಲಿ, ವಿಮಾನ ಹಿಡಿಯಬೇಕಾದವರು ತಡೆದುಕೊಳ್ಳುವುದು ಲೇಸು.

ಮರಳುವಾಗ ದಾರಿಬದಿಯಲ್ಲಿ ಚಕ್ಕೋತದ ರಾಶಿ ಕಂಡರೆ ವಾಹನ ನಿಲ್ಲಿಸಬೇಕು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹೊರಗೆ ದಪ್ಪನೆಯ ಸಿಪ್ಪೆ, ಒಳಗೆ ಹಿತವಾದ ಸಿಹಿ. ಆದರೆ ತೋಟದ ನೆಲವು ನಿವೇಶನಗಳಾಗಿ ಮಾರಾಟವಾಗುತ್ತ ಬಂದುದರಿಂದ ಗಿಡಗಳು ವಿರಳವಾಗಿವೆ. ವಿಮಾನ ಬಂದ ಮೇಲೆ ಊರಿನ ನೆಲಕ್ಕೆ ಬಂದ ಬೆಲೆಯೇ ಹಣ್ಣಿಗೆ ಹಗೆಯಾಯಿತು.

ಆ ನೆಲದ ಮಾತು ಇನ್ನೂ ಮುಗಿದಿಲ್ಲ. ವಿಮಾನೋದ್ಯಮದ ಕೈಗಾರಿಕಾ ಪ್ರದೇಶಕ್ಕಾಗಿ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ, 13 ಹಳ್ಳಿಗಳ ರೈತರು 2022ರಿಂದ ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಸಾರಿತು. ಪ್ರಯಾಣಿಕನು ಏಳು ಗಂಟೆ ಕಾಯುವುದಕ್ಕೆ ಬೇಸರಪಡುತ್ತಾನೆ. ಕೂಗಳತೆಯ ದೂರದಲ್ಲಿಯೇ ಮಣ್ಣಿನ ಮಕ್ಕಳು ಸಾವಿರಕ್ಕೂ ಹೆಚ್ಚು ದಿನ ಕಾದರು. ಅವರು ಕಾದದ್ದು ಎಲ್ಲಿಗೋ ಹೋಗುವುದಕ್ಕಲ್ಲ, ಇದ್ದಲ್ಲಿಯೇ ಇರುವುದಕ್ಕೆ.

ಮೇಲೇರಿದ ವಿಮಾನದ ಕಿಟಕಿಯಿಂದ ಈ ನಾಡು ಹಸುರು ಕಂದು ಬಣ್ಣದ ತುಣುಕುಗಳಾಗಿ ಕಾಣುತ್ತದೆ. ಕಾಯುವ ಹೊತ್ತನ್ನು ಕುರ್ಚಿಯಲ್ಲೇ ಕಳೆದವನಿಗೆ ಅವು ಬರಿಯ ಬಣ್ಣಗಳು. ಹೊರಗೆ ಹೋಗಿ ಬಂದವನು ಮಾತ್ರ ಪಕ್ಕದಲ್ಲಿ ಕುಳಿತ ಮಗುವಿಗೆ ಬೆರಳು ಮಾಡಿ, ಅದು ಕೋಟೆ, ಅದು ನಂದಿಬೆಟ್ಟ, ಅದು ರಾಗಿಯ ಹೊಲ ಎಂದು ಹೆಸರಿಟ್ಟು ಹೇಳಬಲ್ಲನು.