ಅಮ್ಮಿಯ ಸೀರೆಗಳ ಗಂಟು ಹೊತ್ತು ಹಂಸಭಾವಿಗೆ

ಜನವರಿಯ ಮೊದಲ ವಾರ ಹುಬ್ಬಳ್ಳಿಯಿಂದ ಹೊರಟಾಗ ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ನನ್ನ ಬಟ್ಟೆಬರೆ, ಇನ್ನೊಂದರಲ್ಲಿ ಅಮ್ಮಿಯ ಹನ್ನೊಂದು ಹಳೆಯ ಸೀರೆಗಳು.

ಅಮ್ಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಒಳ್ಳೆಯ ಸೀರೆಗಳನ್ನು ಆಗಲೇ ಅಗತ್ಯವಿದ್ದವರಿಗೆ ಕೊಟ್ಟಿದ್ದೆವು. ಉಳಿದದ್ದು ಯಾರಿಗೂ ಕೊಡಲಾಗದಷ್ಟು ಸವೆದ, ಮನೆಯಲ್ಲಿ ಉಡುತ್ತಿದ್ದ ಹತ್ತಿ ಸೀರೆಗಳು. ಟ್ರಂಕು ನನ್ನ ಮನೆಯಲ್ಲಿತ್ತು. ತಂಗಿ ಒಮ್ಮೆ ಹಸಿರು ಇಳಕಲ್ ಸೀರೆಯನ್ನು ಕೇಳಿದಳು. "ಎಲ್ಲವೂ ಒಟ್ಟಿಗೇ ಇರಲಿ" ಎಂದೆ. ಅವಳು ಸುಮ್ಮನಾದಳು. ಜಗಳವೇನೂ ಆಗಲಿಲ್ಲ, ಆದರೆ ವಾರಕ್ಕೊಮ್ಮೆ ಬರುತ್ತಿದ್ದ ಫೋನು ಈದ್‌ಗೊಮ್ಮೆ ಬರತೊಡಗಿತು. ಹೊಲ ಮನೆಗಳ ಹಂಚಿಕೆಗೆ ಶರೀಅತ್ತಿನಲ್ಲಿ ಸ್ಪಷ್ಟ ಲೆಕ್ಕವಿದೆ. ಸೀರೆಯೊಳಗಿನ ತಾಯಿಯ ವಾಸನೆಯನ್ನು ಯಾವ ಲೆಕ್ಕದಲ್ಲಿ ಹಂಚುವುದು?

ಕಳೆದ ಮಳೆಗಾಲ ಮುಗಿದ ಮೇಲೆ ಟ್ರಂಕು ತೆರೆದು ನೋಡಿದೆ. ಆ ಹಸಿರು ಸೀರೆಯ ಅಂಚಿನ ಬಳಿ ಹುಳು ತಿಂದು ಬೆರಳು ತೂರುವಷ್ಟು ತೂತುಗಳಾಗಿದ್ದವು. ಅಂದೇ ಹಂಸಭಾವಿಯ ಖಾಲಾಗೆ ಫೋನ್ ಮಾಡಿದೆ. ಖಾಲಾ ಅಂದರೆ ಅಮ್ಮಿಯ ತಂಗಿ. ಕೌದಿ ಹೊಲಿಯುವುದರಲ್ಲಿ ಅವರ ಕೈ ಹಿಡಿಯುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. "ಈಗ ಬೇಡ, ಗೋವಿನಜೋಳ ಮನೆಗೆ ಬರಲಿ, ಜನವರಿಯಲ್ಲಿ ಬಾ" ಎಂದರು.

ವಾಯವ್ಯ ಸಾರಿಗೆಯ ಬಸ್ಸು. ಆಧಾರ್ ಕಾರ್ಡು ತೋರಿಸಿದರೆ ಶೂನ್ಯ ದರದ ಟಿಕೆಟು. 2023ರ ಜೂನ್‌ನಲ್ಲಿ ಈ ವ್ಯವಸ್ಥೆ ಶುರುವಾದಂದಿನಿಂದ ತವರಿಗೆ ಹೊರಟ ಹೆಂಗಸರು ಬಸ್ಸಿನ ತುಂಬ ಕಾಣುತ್ತಾರೆ. ನನ್ನ ಪಕ್ಕದಲ್ಲಿದ್ದವರೂ ಹಾಗೆಯೇ, ಮಡಿಲಲ್ಲಿ ರೊಟ್ಟಿಯ ಗಂಟು. ಶಿಗ್ಗಾವಿ ಬಂತು. ಶರೀಫ ಸಾಹೇಬರ ಶಿಶುವಿನಹಾಳ ಈ ತಾಲೂಕಿನದೇ. ಬಂಕಾಪುರ ದಾಟಿತು, ಹಾವೇರಿ ಬಂತು. ಹಾವೇರಿ ಎಂದರೆ ಹೊರಗಿನವರಿಗೆ ನೆನಪಾಗುವುದು ಏಲಕ್ಕಿ ಹಾರ. ಅದನ್ನು ತಲೆಮಾರುಗಳಿಂದ ಪೋಣಿಸುತ್ತ ಬಂದದ್ದು ಒಂದು ಮುಸ್ಲಿಮ್ ಮನೆತನ ಎಂಬುದು ಎಷ್ಟು ಜನರಿಗೆ ಗೊತ್ತಿದೆಯೋ! ಬ್ಯಾಡಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಮೆಣಸಿನಕಾಯಿ ಸುಗ್ಗಿಯ ದಿನಗಳು. ನಿಲ್ದಾಣದಲ್ಲಿ ಕಾಲಿಟ್ಟದ್ದೇ ತಡ, ಸಾಲಾಗಿ ಸೀನುಗಳು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಆದರೆ ಮೂಗಿಗೆ ಅದೆಲ್ಲ ಎಲ್ಲಿ ತಿಳಿಯಬೇಕು!

ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ ನಾನಂತೂ ಒಂದು ಹಂಸವನ್ನೂ ಕಂಡಿಲ್ಲ. ಸಣ್ಣ ಊರಾದರೂ ಮೃತ್ಯುಂಜಯ ವಿದ್ಯಾಪೀಠದ ದೆಸೆಯಿಂದ ಸಮವಸ್ತ್ರದ ಮಕ್ಕಳು ಬೆಳಿಗ್ಗೆ, ಸಂಜೆ ರಸ್ತೆ ತುಂಬುತ್ತಾರೆ. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಜನವರಿಯ ಬೆಳಗಿನ ಚಳಿಗೆ ಮಾತ್ರ ಎರಡು ಹೊದಿಕೆ ಬೇಕು. ಖಾಲಾನ ಮನೆಯ ಅಂಗಳದಲ್ಲಿ ಗೋವಿನಜೋಳ ಒಣಗುತ್ತಿತ್ತು. ಅದರ ಪಕ್ಕದ ಹಗ್ಗದ ಮೇಲೆ ಯಾರದೋ ಮನೆಯ ಹಳೆಯ ಬಟ್ಟೆಗಳು, ಕೌದಿಗಾಗಿ ಒಗೆದು ಹರವಿದ್ದವು.

"ಹೊಸ ವರ್ಷಕ್ಕೆ ಬಂದೆ ಖಾಲಾ" ಎಂದೆ.

"ಯಾವ ಹೊಸ ವರ್ಷ? ನಮ್ಮದು ಮೊಹರ್ರಮಿಗೆ, ಇವರದು ಯುಗಾದಿಗೆ, ಶಾಲೆಯದು ಜೂನ್‌ಗೆ" ಎಂದು ನಕ್ಕರು. "ಸೂಜಿಯ ವರ್ಷ ಮಾತ್ರ ಈಗ." ಅದು ನಿಜವೇ. ಕೊಯ್ಲು ಮುಗಿದು ಹೆಂಗಸರ ಮಧ್ಯಾಹ್ನಗಳು ಖಾಲಿಯಾಗುವುದು ಈಗ. ಒಗೆದ ದಪ್ಪ ಬಟ್ಟೆ ಒಂದೇ ದಿನದಲ್ಲಿ ಒಣಗುತ್ತದೆ. ಬೇಸಿಗೆಯಲ್ಲಿ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂರಲಾಗದು, ಮಳೆಗಾಲದಲ್ಲಿ ಅದು ಮುಗ್ಗಲು ಹಿಡಿಯುತ್ತದೆ.

ಚೀಲ ಬಿಚ್ಚಿದೆ. ಖಾಲಾ ಒಂದೊಂದೇ ಸೀರೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಕಣ್ಣಿನಲ್ಲಿ ಪೊರೆ ಬಂದಿರುವುದರಿಂದ ಅವರು ಈಗ ಬಟ್ಟೆಯನ್ನು ನೋಡುವುದೇ ಬೆರಳಿನಿಂದ. ಹನ್ನೊಂದರಲ್ಲಿ ನಾಲ್ಕನ್ನು ಬದಿಗೆ ಸರಿಸಿದರು. "ಇವು ನೈಲಾನು, ಬೇಡ." ಕೌದಿಗೆ ಬೇಕಾದದ್ದು ಒಗೆದು ಒಗೆದು ಮೆತ್ತಗಾದ ಹತ್ತಿ. ನೈಲಾನು, ಪಾಲಿಯೆಸ್ಟರ್ ಸೀರೆಗಳು ಪದರ ಹಾಕಿದರೆ ಜಾರುತ್ತವೆ, ಬೆವರು ಹೀರುವುದಿಲ್ಲ, ಹೊದ್ದರೆ ಮೈ ಚಟಚಟ ಎನ್ನುತ್ತದೆ. ಅಗ್ಗದ ಕಂಬಳಿಗಳು ಬಂದು ಕೌದಿ ಹೋಯಿತು ಎಂದು ನಾನು ತಿಳಿದಿದ್ದೆ. ಅದು ಅರ್ಧ ಮಾತ್ರ ನಿಜ. ಮನೆಮನೆಯ ಹೆಂಗಸರು ದಿನನಿತ್ಯ ಉಡುವುದೇ ಪಾಲಿಯೆಸ್ಟರ್ ಆದ ಮೇಲೆ ಕೌದಿಗೆ ಹಳೆಯ ಹತ್ತಿ ಎಲ್ಲಿಂದ ಬರಬೇಕು? ಸುತ್ತಲಿನ ಹೊಲಗಳಲ್ಲಿ ಹತ್ತಿಯಿದೆ. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಎಂಬ ಮಿಶ್ರತಳಿ ನಾಡಿಗೇ ಹೆಸರು ತಂದಿತ್ತು. ಹೊಲದಲ್ಲಿ ಹತ್ತಿ, ಮೈಮೇಲೆ ಪಾಲಿಯೆಸ್ಟರ್.

ಮರುದಿನ ಮಧ್ಯಾಹ್ನ ಜುಹರ್ ಮುಗಿಸಿ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಕತ್ತರಿ ನನ್ನ ಕೈಯಲ್ಲಿ. ಮೊದಲು ಹಸಿರು ಇಳಕಲ್ ಸೀರೆಯೇ ಬಂತು. ಅಮ್ಮಿ ನನ್ನ ಕೂಸಿನ ಅಕೀಕಾ ದಿನ ಉಟ್ಟದ್ದು. ಕತ್ತರಿ ಇಡಲು ನನ್ನಿಂದಾಗಲಿಲ್ಲ. ಹಾಗೇ ಕುಳಿತೆ. ಖಾಲಾ ಏನೂ ಹೇಳಲಿಲ್ಲ. ಕೈ ಚಾಚಿ ಸೀರೆಯನ್ನು ತೆಗೆದುಕೊಂಡು, ಹುಳು ತಿಂದ ತೂತಿಗೆ ಎರಡು ಬೆರಳು ಹಾಕಿ, ಚರ್ರನೆ ಉದ್ದಕ್ಕೆ ಎರಡು ಭಾಗವಾಗಿ ಹರಿದರು.

"ಒಂದು ನಿನಗೆ, ಒಂದು ನಿನ್ನ ತಂಗಿಗೆ. ಎರಡು ಕೌದಿ ಮಾಡೋಣ."

ನಾನು ಕೇಳಿದ್ದು ಒಂದೇ ಕೌದಿ. ತಂಗಿಯ ಮಾತನ್ನು ಖಾಲಾನ ಮುಂದೆ ಎತ್ತಿರಲೂ ಇಲ್ಲ. ಯಾರು ಹೇಳಿದ್ದರೋ!

ಕೌದಿಯ ಕೆಲಸ ನೋಡಲು ಸುಲಭ. ತಳಕ್ಕೆ ಗಟ್ಟಿಯಾದ ಒಂದು ಸೀರೆ, ಅದರ ಮೇಲೆ ಎರಡು ಮೂರು ಪದರ ಸವೆದವು, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು. ನಾಲ್ಕು ಮೂಲೆಗೂ ಸುಕ್ಕಿಲ್ಲದಂತೆ ಎಳೆದು ದೊಡ್ಡ ಹೊಲಿಗೆಯಲ್ಲಿ ಕಚ್ಚು ಹಾಕಬೇಕು. ಆಮೇಲೆ ಅಂಚಿನಿಂದ ಆರಂಭಿಸಿ, ಬೆರಳಗಲ ಬಿಟ್ಟು ಸಾಲು ಸಾಲಾಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ದಾರವನ್ನು ಮೇಣದಬತ್ತಿಗೆ ತೀಡಿಕೊಂಡರೆ ಗಂಟಾಗುವುದಿಲ್ಲ. ನಡುಬೆರಳಿಗೆ ಅಂಗುಸ್ತಾನ ಇರಲೇಬೇಕು. ನಾನು ಮೊದಲ ದಿನ ಹಾಕಿಕೊಳ್ಳದೆ ಬೆರಳು ತೂತು ಮಾಡಿಕೊಂಡೆ. ಮಿಷನ್ನಿನಲ್ಲಿ ಏಕೆ ಹೊಲಿಯಬಾರದು ಎಂದು ಕೇಳಿದೆ. ಅಷ್ಟು ಪದರಗಳು ಮಿಷನ್ನಿನ ಕಾಲಿನಡಿ ತೂರಿದರೂ ಬಟ್ಟೆ ಹಲಗೆಯಂತೆ ಬಿರುಸಾಗುತ್ತದೆಯಂತೆ. ಕೈಹೊಲಿಗೆಯಲ್ಲಿ ದಾರ ಸಡಿಲವಾಗಿ ಕೂರುವುದರಿಂದಲೇ ಕೌದಿ ಮೈಗೆ ಹೊಂದಿಕೊಳ್ಳುತ್ತದೆ.

ಪಕ್ಕದ ಮನೆಯ ಅಜ್ಜಿ ದಿನಾ ಬಂದು ಒಂದು ಮೂಲೆ ಹಿಡಿಯುತ್ತಿದ್ದರು. ಖಾಲಾ ನನ್ನೊಡನೆ ಮನೆಮಾತಿನಲ್ಲಿ, ಅವರೊಡನೆ ಕನ್ನಡದಲ್ಲಿ. ನಮಗೆ ಇದು ಗೋದಡಿ, ಅವರಿಗೆ ಕೌದಿ. "ಯವ್ವಾ, ಕೌದಿ ಮುಗ್ಯಾಕ ಬಂದಾಗ ನಡುವ ಒಂದ್ ಚೂರು ರೊಟ್ಟಿ ಇಡಬೇಕ, ಇಲ್ಲಂದ್ರ ಅದು ಹಸಗೊಂಡಿರತೈತಿ" ಎಂದು ಅಜ್ಜಿ ನನಗೆ ಹೇಳಿದರು. ಖಾಲಾ ಸೂಜಿಯಿಂದ ಕಣ್ಣೆತ್ತದೆ, "ನಮ್ಮದು ಬಿಸ್ಮಿಲ್ಲಾ ಹೇಳಿ ಸುರು ಮಾಡೇವಿ, ಅದು ಉಪಾಸ ಇರಂಗಿಲ್ಲ. ನಿನ್ನ ಕೌದಿಗೆ ನೀ ಇಡು, ರೊಟ್ಟಿ ನಾ ಕೊಡ್ತೀನಿ" ಎಂದರು. ಇಬ್ಬರೂ ನಕ್ಕರು. ಈ ಮಾತು ಅವರ ನಡುವೆ ಎಷ್ಟು ವರ್ಷದಿಂದ ನಡೆದಿದೆಯೋ.

ಖಾಲಾ ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ಹೂವೊಂದನ್ನು ಕೂರಿಸುತ್ತಾರೆ. ಅದನ್ನು ಎಲ್ಲಿ ಕಲಿತಿರೆಂದು ಕೇಳಿದೆ. ಹಾನಗಲ್ಲಿನ ಆಚೆಯ ಮುಂಡಗೋಡದಲ್ಲಿ, ಸಿದ್ದಿ ಹೆಂಗಸರನ್ನು ನೋಡಿ. ಪೂರ್ವ ಆಫ್ರಿಕಾ ಮೂಲದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಅವರ ಕವಂದಿಯ ಮೂಲೆಗಳಲ್ಲಿ 'ಫೂಲ' ಇಲ್ಲದಿದ್ದರೆ ಕೆಲಸ ಮುಗಿಯಲಿಲ್ಲವೆಂದೇ ಲೆಕ್ಕ. ಮುಸ್ಲಿಮ್ ಹೆಂಗಸರ ಕವಂದಿಯಲ್ಲಿ ಕೆಲವೊಮ್ಮೆ ಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ಇದನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಈ ಕವಂದಿಗಳ ಪ್ರದರ್ಶನವೂ ನಡೆಯಿತು. ಖಾಲಾಗೆ ಇದನ್ನು ಹೇಳಿದಾಗ, "ಗೋಡೆಗೆ ತೂಗುಹಾಕಿದ್ದರೇ? ಹಾಗಾದರೆ ಅಲ್ಲಿ ಯಾರು ಹೊದ್ದುಕೊಂಡರು?" ಎಂದು ಕೇಳಿದರು.

ನಾನು ಹುಬ್ಬಳ್ಳಿಯ ಮೇಳವೊಂದರಲ್ಲಿ ನೋಡಿದ್ದ ಕೌದಿಯ ಬೆಲೆಯನ್ನು ಹೇಳಿದೆ: ನಾಲ್ಕು ಸಾವಿರ. ಖಾಲಾ ಊರಿನವರ ಬಟ್ಟೆಯಿಂದ ಒಂದು ಕೌದಿ ಹೊಲಿದುಕೊಟ್ಟರೆ ಪಡೆಯುವುದು ನಾನೂರು. ಅದೂ ಹಬ್ಬ ಕಳೆಯಲಿ, ಕೊಯ್ಲು ಆಗಲಿ ಎಂದು ತಡವಾಗಿ. ಹತ್ತು ದಿನ, ದಿನಕ್ಕೆ ನಾಲ್ಕು ಗಂಟೆ ಎಂದರೆ ನಲವತ್ತು ಗಂಟೆ, ಗಂಟೆಗೆ ಹತ್ತು ರೂಪಾಯಿ. ಈ ಲೆಕ್ಕ ಹೇಳಿದಾಗ ಅವರು ಬೆರಗಾಗಲಿಲ್ಲ, ಸ್ವಲ್ಪ ನಾಚಿದರು. ಕೂಲಿ ಕೇಳುವುದು ಮನೆತನಕ್ಕೆ ಕುಂದು ಎಂಬ ಭಾವನೆ ನಮ್ಮ ಹೆಂಗಸರಲ್ಲಿ ಎಲ್ಲಿಂದ ಬಂತೋ ನನಗೆ ಅರ್ಥವಾಗುವುದಿಲ್ಲ. ಪ್ರವಾದಿಯವರ(ಸ) ಪತ್ನಿ ಝೈನಬ್ ಬಿನ್ತ್ ಜಹ್ಶ್(ರ) ತಮ್ಮ ಕೈಯಾರೆ ದುಡಿದು, ಬಂದುದನ್ನು ದಾನ ಮಾಡುತ್ತಿದ್ದರು. ಪ್ರವಾದಿಯವರೇ(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಸೂಜಿ ಹಿಡಿಯುವುದರಲ್ಲಿ ಕುಂದಿಲ್ಲವೆಂದ ಮೇಲೆ ಅದರ ಕೂಲಿ ಪಡೆಯುವುದರಲ್ಲಿ ಎಲ್ಲಿಯದು?

"ದರ ಹೇಳಿದರೆ ಓಡಿಹೋಗುತ್ತಾರೆ" ಎಂದರು ಖಾಲಾ. "ಓಡ್ಲಿ ಬಿಡಕ್ಕ, ಚಳಿಗೆ ತಾವ ತಿರುಗಿ ಬರ್ತಾರ" ಎಂದರು ಅಜ್ಜಿ. ಹಳೆಯ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ದಪ್ಪ ಅಕ್ಷರಗಳಲ್ಲಿ ಬರೆದೆ: 'ಕೌದಿ ಹೊಲಿಗೆ ರೂ. 1500. ಅರ್ಧ ಮುಂಗಡ.' ಖಾಲಾ ಅದನ್ನು ಬಾಗಿಲಿಗೆ ಅಂಟಿಸಲು ಬಿಡಲಿಲ್ಲ, ಒಳಗಿನ ಕೋಣೆಯಲ್ಲಿ ಕಪಾಟಿನ ಪಕ್ಕಕ್ಕೆ ಅಂಟಿಸಿಕೊಂಡರು. ನಾಲ್ಕನೆಯ ದಿನ ಒಬ್ಬಾಕೆ ಬಟ್ಟೆಯ ಗಂಟು ತಂದಾಗ, ಖಾಲಾ ಒಳಗೆ ಹೋಗಿ ಬಂದು, ನೆಲ ನೋಡುತ್ತ "ಸಾವಿರ" ಎಂದರು. ಆಕೆ ಗಂಟು ಬಿಟ್ಟೇ ಹೋದಳು. ಐನೂರು ಕಡಿಮೆ ಹೇಳಿದ್ದಕ್ಕೆ ನಾನು ಮುಖ ಮಾಡಿದೆ. ಆದರೆ ಆ ಸಂಜೆ ಖಾಲಾ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದ್ದರು.

ಮಿಕ್ಕ ತುಂಡುಗಳನ್ನೂ ಎಸೆಯಲಿಲ್ಲ. ರಾತ್ರಿ ಇಶಾ ಮುಗಿದ ಮೇಲೆ ಸಣ್ಣಪುಟ್ಟ ಹೊಲಿಗೆ. ಸೀರೆಯ ಅಂಚಿನಿಂದ ಕುರ್‌ಆನಿಗೆ ಒಂದು ಜುಜ್‌ದಾನ, ರೊಟ್ಟಿ ಸುತ್ತಿಡಲು ಎರಡು ಪದರದ ಬಟ್ಟೆ, ಖಾಲಾನ ಮೊಮ್ಮಗುವಿಗೆ ಕಿವಿ ಮುಚ್ಚುವ ಕುಂಚಿಗೆ. ದೊಡ್ಡ ಕೌದಿಗೆ ಧೈರ್ಯ ಸಾಲದ ಸಹೋದರಿಯರು ಜಾನಮಾಜಿನಿಂದ ಆರಂಭಿಸಬಹುದು. ನಾಲ್ಕಡಿ ಉದ್ದ, ಎರಡೂಕಾಲು ಅಡಿ ಅಗಲ, ಮೂರೇ ಪದರ. ಸಂಜೆಗೆ ಒಂದು ಗಂಟೆ ಕುಳಿತರೂ ಒಂದು ವಾರ, ಹತ್ತು ದಿನದ ಕೆಲಸ. ಸಜ್ದಾದಲ್ಲಿ ಹಣೆ ಊರುವ ಜಾಗದಲ್ಲಿ ಮಾತ್ರ ಗಂಟು, ದಪ್ಪ ಜೋಡಣೆ ಬರದಂತೆ ನೋಡಿಕೊಳ್ಳಿ. ನನ್ನ ಮೊದಲನೆಯದರಲ್ಲಿ ಅಲ್ಲೇ ಒಂದು ಗಂಟು ಉಳಿದು, ಫಜರ್‌ನಲ್ಲಿ ಹಣೆಗೆ ತಾಗಿತು. ಬಿಚ್ಚಿ ಮತ್ತೆ ಹೊಲಿದೆ.

ಹತ್ತು ದಿನಕ್ಕೆ ಒಂದು ಕೌದಿ ಮುಗಿಯಿತು. ನಡುವಿನ ಕೊನೆಯ ಸುತ್ತು ನನ್ನದು, ಸಾಲು ಸೊಟ್ಟ. ಖಾಲಾ ಬೆರಳಾಡಿಸಿ ನೋಡಿ, "ಗೊತ್ತಾಗುತ್ತದೆ" ಎಂದಷ್ಟೇ ಹೇಳಿದರು, ಬಿಚ್ಚಲಿಲ್ಲ. ಎರಡನೆಯದು ಅರ್ಧಕ್ಕೆ ನಿಂತಿತ್ತು. ನೀವೇ ಮುಗಿಸಿ ಕಳಿಸಿ ಎಂದೆ. ಆಗುವುದಿಲ್ಲವೆಂದರು. ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ, ಆಮೇಲೆ ಕೆಲವು ವಾರ ಸೂಜಿ ಮುಟ್ಟುವಂತಿಲ್ಲ, ಅದಕ್ಕೂ ಮೊದಲು ಸಾವಿರದ ಗಂಟು ಮುಗಿಯಬೇಕು. ಅರ್ಧ ಕೌದಿಯನ್ನು ಸುತ್ತಿ, ಸೂಜಿಯನ್ನು ಅದರಲ್ಲೇ ಚುಚ್ಚಿ, ತಮ್ಮ ಅಂಗುಸ್ತಾನವನ್ನು ಮಡಿಕೆಯೊಳಗಿಟ್ಟು ಕೊಟ್ಟರು.

"ಮುಗಿದದ್ದು ನಿನ್ನ ತಂಗಿಗೆ ಕೊಡು. ಅರೆಬರೆಯದು ನಿನಗಿರಲಿ, ನೀನು ದೊಡ್ಡವಳು."

ಬ್ಯಾಡಗಿಯಲ್ಲಿ ಬಸ್ಸಿಗೆ ಕಾಯುತ್ತ ತಂಗಿಗೆ ಫೋನ್ ಮಾಡಿದೆ. ಈದ್ ಇನ್ನೂ ದೂರವಿತ್ತು, ಅವಳು ಗಾಬರಿಯಾಗಿ "ಯಾರಿಗೇನಾಯಿತು?" ಎಂದಳು. ಹಸಿರು ಸೀರೆಯ ವಿಷಯ ಹೇಳಿದೆ, ಹರಿದದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಮೆಣಸಿನಕಾಯಿ ಗಾಳಿಗೆ ನನಗೆ ಸೀನು ಬಂತು. ಆಮೇಲೆ ಕೇಳಿದಳು:

"ಅರ್ಧ ಉಳಿದಿದೆಯಲ್ಲ, ಅದನ್ನು ಭಾನುವಾರ ತಗೊಂಡು ಬಾ ಆಪಾ. ನನಗೆ ಸೂಜಿಗೆ ದಾರ ಪೋಣಿಸಲು ಮಾತ್ರ ಬರುತ್ತದೆ, ಅದನ್ನಾದರೂ ಮಾಡುತ್ತೇನೆ."